ಟಿಪ್ಪುವಿನ ಗುಡಾರ ನೋಡಿದ ಮೇಲೆ ಇನ್ನೊಂದು ಗುಡ್ಡ ಹತ್ತಿ

ಬ್ರಿಟನ್ನಿನ ಕನ್ನಡ ಚಾರಣ ಬಳಗಗಳಿಗೆ ಒಂದು ಬಹಿರಂಗ ಪತ್ರ

ಪ್ರಿಯ ಗೆಳೆಯ ಗೆಳತಿಯರೇ,



ವೇಲ್ಸ್‌ನ ವೆಲ್ಷ್‌ಪೂಲ್ ಊರಿನ ಅಂಚಿನಲ್ಲಿರುವ ಪೊವಿಸ್ ಕೋಟೆಯನ್ನು ಹುಡುಕಿಕೊಂಡು ಹೋಗುವ ಕನ್ನಡಿಗರಿಗೆ ಅಲ್ಲಿ ಏನಿದೆ ಎಂಬುದು ಮೊದಲೇ ಗೊತ್ತಿರುತ್ತದೆ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೈಯಿಂದ ಕೈಗೆ ಹಂಚಿಹೋದ ವಸ್ತುಗಳ ಪೈಕಿ ಟಿಪ್ಪು ಸುಲ್ತಾನನ ಚೀಟಿ ಬಟ್ಟೆಯ ಗುಡಾರವೂ ಅವನ ಸಿಂಹಾಸನದ ರತ್ನಖಚಿತ ಹುಲಿತಲೆಗಳಲ್ಲಿ ಒಂದೂ ಈಗ ಇರುವುದು ಅಲ್ಲೇ. ಆಗ ಮದ್ರಾಸಿನ ಗವರ್ನರ್ ಆಗಿದ್ದ ಎಡ್ವರ್ಡ್ ಕ್ಲೈವ್, ಪೊವಿಸ್ ಮನೆತನದ ಹೆನ್ರಿಯೆಟಾ ಹರ್ಬರ್ಟಳ ಗಂಡ. ಕಾವೇರಿ ದಡದ ಸೊತ್ತು ಸೆವರ್ನ್ ನದಿಯ ಕಣಿವೆಗೆ ಬಂದು ಸೇರಿದ್ದು ಈ ನಂಟಿನಿಂದ. ಹೆನ್ರಿಯೆಟಾ 1800ರಲ್ಲಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಮದ್ರಾಸಿನಿಂದ ಹೊರಟು, ಬೆಂಗಳೂರು, ಶ್ರೀರಂಗಪಟ್ಟಣಗಳನ್ನು ನೋಡಿಕೊಂಡು ಬಂದಿದ್ದಳು. ಗುಡಾರವನ್ನು ಆ ಮನೆತನದವರು ಮುಂದೆ ತೋಟದ ಔತಣಗಳಿಗೆ ಶಾಮಿಯಾನವಾಗಿ ಬಳಸಿದ್ದೂ ಉಂಟು.

ಆ ಗುಡಾರದ ಮುಂದೆ ನಿಂತ ಕನ್ನಡಿಗರ ಮನಸ್ಸು ಭಾರವಾಗುವುದು ಸಹಜ. ನೋಡಿ ಮುಗಿಸಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟದಲ್ಲಿ ಫೋಟೋ ತೆಗೆದುಕೊಂಡು, ಚಹಾ ಕುಡಿದು ಕಾರು ಹತ್ತುವುದೂ ಸಹಜ. ಈ ಪತ್ರದ ಬಿನ್ನಹ ಇಷ್ಟೇ: ಕಾರು ಹತ್ತಿದ ಮೇಲೆ ನೇರ ಮನೆಗೆ ಹೋಗಬೇಡಿ. ಅಲ್ಲಿಂದ ಇಪ್ಪತ್ತು ಕಿಲೋಮೀಟರಿನೊಳಗೆ, ಅದೇ ಸೆವರ್ನ್ ಕಣಿವೆಯಲ್ಲಿ, ಅಬರ್‌ಮ್ಯೂಲ್ ಎಂಬ ಹಳ್ಳಿಯ ಮೇಲಿನ ಏಣುಗುಡ್ಡದಲ್ಲಿ ಇನ್ನೊಂದು ಕೋಟೆ ಇದೆ. ಹೆಸರು ಡೊಲ್ವೊರ್ವಿನ್. ಅಲ್ಲಿ ಟಿಕೆಟ್ ಇಲ್ಲ, ಕಾವಲುಗಾರರಿಲ್ಲ, ಚಹಾದಂಗಡಿಯಿಲ್ಲ. ಗೋಡೆಗಳು ಹೆಚ್ಚಿನ ಕಡೆ ಎದೆಮಟ್ಟಕ್ಕೆ ನಿಂತಿವೆ. ಸಣ್ಣ ಪಾರ್ಕಿಂಗ್ ಜಾಗದಿಂದ ಏರುದಾರಿಯಲ್ಲಿ ನಡೆದೇ ಹೋಗಬೇಕು. ಪೊವಿಸ್ ಕೋಟೆ ಯಾಕೆ ಉಳಿಯಿತು ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಈ ಗುಡ್ಡದ ಮೇಲೆ.

13ನೇ ಶತಮಾನದ ವೇಲ್ಸ್ ಒಂದೇ ರಾಜ್ಯವಾಗಿರಲಿಲ್ಲ. ವಾಯವ್ಯದಲ್ಲಿ ಗ್ವಿನೆದ್, ನಡುನಾಡಿನಲ್ಲಿ ಪೊವಿಸ್, ತೆಂಕಣದಲ್ಲಿ ಹಲವು ಸಣ್ಣ ಒಡೆತನಗಳು; ಅಣ್ಣತಮ್ಮಂದಿರ ನಡುವೆಯೇ ಕಾದಾಟ, ಇಂದಿನ ಮಿತ್ರ ನಾಳೆಯ ವೈರಿ. ಪಾಳೇಗಾರರ ಇತಿಹಾಸ ಓದಿದ ನಮಗೆ ಇದು ಹೊಸದೇನಲ್ಲ. ಇವರ ನಡುವೆ ಗ್ವಿನೆದ್‌ನ ಲಿವೆಲಿನ್ ಆಪ್ ಗ್ರಿಫಿದ್ ಮೇಲುಗೈ ಪಡೆದ. 1267ರಲ್ಲಿ, ಪೊವಿಸ್ ಕೋಟೆಯಿಂದ ಒಂದು ದಿನದ ನಡಿಗೆಯಷ್ಟೇ ದೂರದ ಮಾಂಟ್ಗೊಮರಿಯಲ್ಲಿ ಆದ ಒಪ್ಪಂದದಲ್ಲಿ ಇಂಗ್ಲೆಂಡಿನ ಮೂರನೇ ಹೆನ್ರಿ ಅವನನ್ನು ವೇಲ್ಸ್‌ನ ಪ್ರಿನ್ಸ್ ಎಂದು ಒಪ್ಪಿಕೊಂಡ. ಆರು ವರ್ಷಗಳ ನಂತರ, 1273ರಲ್ಲಿ, ಲಿವೆಲಿನ್ ಡೊಲ್ವೊರ್ವಿನ್ ಕಟ್ಟಲು ಶುರುಮಾಡಿದ. ಮಾಂಟ್ಗೊಮರಿಯ ಇಂಗ್ಲಿಷ್ ಕೋಟೆಗೆ ಸವಾಲೆಸೆದ ಹಾಗೆ, ಗಡಿಗೆ ತೀರ ಹತ್ತಿರದಲ್ಲಿ. ಕೋಟೆಯ ಪಕ್ಕದಲ್ಲಿ ಒಂದು ಪೇಟೆ ನೆಲೆಗೊಳಿಸುವ ಯೋಚನೆಯೂ ಅವನಿಗಿತ್ತು.

ಹೊಸ ದೊರೆ ಒಂದನೇ ಎಡ್ವರ್ಡ್ ಆಗಿನ್ನೂ ಧರ್ಮಯುದ್ಧದಿಂದ ಇಂಗ್ಲೆಂಡಿಗೆ ಮರಳಿರಲಿಲ್ಲ. ಅವನ ಹೆಸರಿನಲ್ಲಿ ಆಡಳಿತ ನಡೆಸುತ್ತಿದ್ದವರು, ಕಟ್ಟಡ ನಿಲ್ಲಿಸು ಎಂದು ಲಿವೆಲಿನ್‌ಗೆ ಆಜ್ಞೆ ಕಳಿಸಿದರು. ಅವನು ಕೊಟ್ಟ ಉತ್ತರ ಇಂದಿಗೂ ಉಳಿದಿದೆ. ಅದರ ಸಾರಾಂಶ ಹೀಗೆ: ಈ ಪತ್ರ ನಿಮ್ಮ ಅರಿವಿಗೆ ಬಂದು ಹೊರಟಿದ್ದಲ್ಲವೆಂದು ನಂಬಿದ್ದೇನೆ; ನಮ್ಮ ನಾಡಿನಲ್ಲಿ ಕೋಟೆ ಕಟ್ಟಲು, ಸಂತೆ ನಡೆಸಲು ನಮಗೆ ಯಾರ ಅಪ್ಪಣೆಯೂ ಬೇಕಿಲ್ಲವೆಂಬುದು ನಿಮಗೇ ಗೊತ್ತು. ಇಷ್ಟು ಸಭ್ಯವಾದ, ಇಷ್ಟು ಗಟ್ಟಿಯಾದ ಪತ್ರ ಆ ಕಾಲದ ರಾಜತಂತ್ರದಲ್ಲಿ ಅಪರೂಪ. ಅದನ್ನು ಬರೆಸಿದವನ ಗೋಡೆಗಳ ನಡುವೆ ನಿಂತು ಓದಿದರೆ ಅದರ ತೂಕ ಬೇರೆಯೇ.

ಇದೇ ಹೊತ್ತಿಗೆ ಪೊವಿಸ್‌ನ ಒಡೆಯ ಗ್ರಿಫಿದ್ ಆಪ್ ಗ್ವೆನ್ವಿನ್ವಿನ್ ಇನ್ನೊಂದು ದಾರಿ ಹಿಡಿದಿದ್ದ. 1274ರಲ್ಲಿ, ಲಿವೆಲಿನ್‌ನ ಸ್ವಂತ ತಮ್ಮ ದವಿದ್ ಜತೆ ಸೇರಿ ಲಿವೆಲಿನ್‌ನನ್ನೇ ಕೊಲ್ಲುವ ಸಂಚಿನಲ್ಲಿ ಭಾಗಿಯಾಗಿ, ಅದು ಬಯಲಾದ ಮೇಲೆ ಇಂಗ್ಲೆಂಡಿಗೆ ಓಡಿಹೋದ. 1277ರ ಯುದ್ಧದಲ್ಲಿ ಎಡ್ವರ್ಡ್ ಗೆದ್ದಾಗ ಅವನಿಗೆ ತನ್ನ ನೆಲ ಮರಳಿ ಸಿಕ್ಕಿತು. ಇಂದು ನಾವು ನೋಡುವ ಪೊವಿಸ್ ಕೋಟೆಯ ಕಲ್ಲಿನ ಕೆಲಸ ಶುರುವಾದದ್ದು ಅದರ ನಂತರ. ಅದೇ ಯುದ್ಧದ ಏಪ್ರಿಲ್ ತಿಂಗಳಲ್ಲಿ ಡೊಲ್ವೊರ್ವಿನ್‌ಗೆ ಮುತ್ತಿಗೆ ಬಿತ್ತು. ಒಳಗಿದ್ದವರಿಗೆ ನೀರು ಸಾಲದೆ ಕೋಟೆ ಶರಣಾಯಿತು. ಅದು ಇಂಗ್ಲಿಷ್ ಸರದಾರ ರೋಜರ್ ಮಾರ್ಟಿಮರನ ಪಾಲಾಯಿತು. ಲಿವೆಲಿನ್ ಕನಸಿದ ಪೇಟೆ ಗುಡ್ಡದಿಂದ ಕೆಳಗಿಳಿದು, ನದಿಯ ದಡದಲ್ಲಿ ಇಂದಿನ ನ್ಯೂಟೌನ್ ಊರಾಯಿತು. ಮುಂದಿನ ಶತಮಾನ ಮುಗಿಯುವಷ್ಟರಲ್ಲಿ ಕೋಟೆ ಹಾಳುಬಿದ್ದಿತ್ತು. 1980 ಮತ್ತು 90ರ ದಶಕಗಳಲ್ಲಿ ನಡೆದ ಉತ್ಖನನ ಅದನ್ನು ಮಣ್ಣಿನಿಂದ ಮತ್ತೆ ಹೊರತೆಗೆಯಿತು.

ಕೈಜೋಡಿಸಿದವನ ಕೋಟೆಗೆ ಏಳುನೂರು ವರ್ಷ ಛಾವಣಿ ಇತ್ತು. ಎದುರು ನಿಂತವನ ಕೋಟೆ ಹುಲ್ಲಿನಡಿ ಹೋಯಿತು. ಆ ಛಾವಣಿಯಡಿಯಲ್ಲೇ, ಎದುರು ನಿಂತು ಸೋತ ಇನ್ನೊಬ್ಬನ ಗುಡಾರ ಬಂದು ಸೇರಿತು. ಎರಡೂ ಕೋಟೆಗಳನ್ನು ಒಂದೇ ದಿನ ನೋಡಿದ ಕನ್ನಡಿಗರಿಗೆ ಟಿಪ್ಪುವಿನ ಗುಡಾರ ಬರೀ ವಸ್ತುಸಂಗ್ರಹಾಲಯದ ಸರಕಾಗಿ ಉಳಿಯುವುದಿಲ್ಲ. ಒಂದನ್ನಷ್ಟೇ ನೋಡಿದವರಿಗೆ ಅರ್ಧ ಕಥೆ.

ಅಲ್ಲಿಗೆ ನಡೆದೇ ಹೋಗಿ ಎನ್ನುವುದಕ್ಕೆ ಆರೋಗ್ಯದ ಕಾರಣವಷ್ಟೇ ಅಲ್ಲ, ಇತಿಹಾಸದ ಕಾರಣವೂ ಇದೆ. ಚಿತ್ರದುರ್ಗದ ಸುತ್ತುಗಳನ್ನು ದಾಟಿ ಒಳಗೆ ಹೋದವರಿಗೆ ಇದು ಗೊತ್ತು: ಬಾಗಿಲುಗಳು ಒಂದರ ಹಿಂದೆ ಒಂದು ನೇರವಾಗಿ ಇರುವುದಿಲ್ಲ, ಪ್ರತಿಸಲ ತಿರುಗಬೇಕು, ಪ್ರತಿ ತಿರುವಿನಲ್ಲೂ ಮೇಲಿನ ಗೋಡೆಯವನ ಕಣ್ಣು ನಮ್ಮ ಬೆನ್ನ ಮೇಲೆ. ಸಾವನದುರ್ಗದಲ್ಲೋ ಮಧುಗಿರಿಯಲ್ಲೋ ಬಂಡೆ ಏರುತ್ತ ಏದುಸಿರು ಬಿಟ್ಟಾಗ, ಬತೇರಿಯನ್ನು ಅಲ್ಲೇ ಯಾಕೆ ಇಟ್ಟರು ಎಂಬುದು ಕಾಲಿಗೆ ತಿಳಿಯುತ್ತದೆ. ವೇಲ್ಸ್‌ನ ಕೋಟೆಗಳೂ ಹಾಗೇ. ಕಟ್ಟಿದವರು ಮೊದಲು ನೋಡಿದ್ದು ದಾರಿಯನ್ನು: ಯಾವ ಕಣಿವೆಯಿಂದ ದನ ಹೊಡೆದುಕೊಂಡು ಬರುತ್ತಾರೆ, ಯಾವ ಹೊಳೆಯನ್ನು ಎಲ್ಲಿ ದಾಟುತ್ತಾರೆ, ಸೈನ್ಯ ಬಂದರೆ ಎಷ್ಟು ದೂರದಲ್ಲೇ ಕಾಣುತ್ತದೆ. ಆ ದಾರಿಯನ್ನು ಬಿಟ್ಟು ಗೋಡೆಯೆದುರೇ ಕಾರಿನಿಂದ ಇಳಿದವರಿಗೆ ಗೋಡೆ ಮಾತ್ರ ಕಾಣುತ್ತದೆ.

ಇಲ್ಲಿ ನಿಮ್ಮ ಬಳಗದಲ್ಲೇ ಅನೇಕರು ಮಾಡುವ ಚಾರಣವೊಂದನ್ನು ತೆಗೆದುಕೊಳ್ಳೋಣ. ವೇಲ್ಸ್‌ನ ಅತಿ ಎತ್ತರದ ಶಿಖರ, 1,085 ಮೀಟರ್‌ನ ಸ್ನೋಡನ್. ಅಲ್ಲಿನ ರಾಷ್ಟ್ರೀಯ ಉದ್ಯಾನದ ಆಡಳಿತ 2022ರಿಂದ ಅದಕ್ಕೆ ಅರ್ ವಿದ್ವ ಎಂಬ ವೆಲ್ಷ್ ಹೆಸರನ್ನೇ ಬಳಸುತ್ತಿದೆ, ನಾವೂ ಹಾಗೇ ಕರೆಯೋಣ. ಲಾನ್‌ಬೆರಿಸ್ ಊರಿನಿಂದ ಹೊರಡುವ ದಾರಿ ಉದ್ದವಾದರೂ ಸುಲಭದ್ದಾದ್ದರಿಂದ ಹೊಸಬರ ಗುಂಪುಗಳು ಹೆಚ್ಚಾಗಿ ಅದನ್ನೇ ಹಿಡಿಯುತ್ತವೆ. ಬೆಳಗ್ಗೆ ಬೇಗ ಬಂದು, ಶಿಖರ ಮುಟ್ಟಿ, ಸಂಜೆ ಇಳಿದು, ದಣಿದು ಹೊರಟುಬಿಡುತ್ತಾರೆ. ಆ ಊರಿನ ಅಂಚಿನಲ್ಲೇ, ಎರಡು ಸರೋವರಗಳ ನಡುವಿನ ದಿಬ್ಬದ ಮೇಲೆ, ಡೊಲ್ಬಾಡರ್ನ್ ಕೋಟೆಯ ದುಂಡು ಗೋಪುರ ನಿಂತಿದೆ. ಸುಮಾರು 15 ಮೀಟರ್ ಎತ್ತರ. ಮಹಾನ್ ಲಿವೆಲಿನ್ ಎಂದೇ ಹೆಸರಾದ ಲಿವೆಲಿನ್ ಆಪ್ ಇಯೋರ್ವರ್ತ್, ಅಂದರೆ ನಮ್ಮ ಲಿವೆಲಿನ್‌ನ ಅಜ್ಜ, 13ನೇ ಶತಮಾನದ ಮೊದಲರ್ಧದಲ್ಲಿ ಕಟ್ಟಿಸಿದ್ದು. ಮೊಮ್ಮಗ ತನ್ನ ಅಣ್ಣ ಓವೈನ್‌ನನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿಟ್ಟದ್ದು ಇಲ್ಲೇ ಎಂಬುದು ಪರಂಪರೆಯ ನಂಬಿಕೆ. ಚಿತ್ರಕಾರ ಟರ್ನರ್ ಈ ಗೋಪುರವನ್ನು ಕತ್ತಲು ಬೆಳಕಿನ ನಡುವೆ ಚಿತ್ರಿಸಿ 1800ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶಿಸಿದ.

ಟರ್ನರ್ ಬಣ್ಣಗಳಲ್ಲಿ ಗೋಪುರ ಬೆಟ್ಟದಷ್ಟು ದೊಡ್ಡದಾಗಿ ಕಾಣುತ್ತದೆ. ನಿಜವಾಗಿ ಎದುರು ನಿಂತರೆ ಹಾಗಲ್ಲ. ಎದುರಿನ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದಿರುವ, 1969ರಲ್ಲಿ ಮುಚ್ಚಿದ ಡಿನೋರ್ವಿಗ್ ಸ್ಲೇಟು ಗಣಿಯ ಮುಂದೆ ಗೋಪುರ ಪುಟ್ಟದು. ಆದರೆ ಅದರ ಬುಡದಲ್ಲಿ ನಿಂತು ಕಣಿವೆಯ ಕಡೆ ತಿರುಗಿದರೆ ಲಾನ್‌ಬೆರಿಸ್ ಘಾಟಿಯ ಬಾಯಿ ನೇರ ಎದುರಿಗೆ. ಅಲ್ಲಿಂದ ಇಳಿದು ಬರುವ ಯಾವ ಮನುಷ್ಯನೂ ಈ ದಿಬ್ಬದ ಕಣ್ಣು ತಪ್ಪಿಸಲಾರ. ಶಿಖರದಿಂದ ಇಳಿದ ದಿನ ಕಾಲು ಒಪ್ಪದಿದ್ದರೆ, ಹಿಂದಿನ ಸಂಜೆಯೇ ಹೋಗಿ ಬನ್ನಿ. ಪಾಳುಕೋಟೆಯ ಸಲುವಾಗಿ ಅರ್ಧ ಗಂಟೆ ಹೆಚ್ಚು ಕೊಟ್ಟದ್ದಕ್ಕೆ ಯಾರೂ ಪಶ್ಚಾತ್ತಾಪ ಪಡಲಾರರು.

ಕಾನ್ವಿ, ಕರ್ನಾರ್ವನ್, ಬ್ಯೂಮಾರಿಸ್, ಹಾರ್ಲೆಕ್. ಸೋತ ನಾಡಿನ ಮೇಲೆ ಎಡ್ವರ್ಡ್ ಕಟ್ಟಿಸಿದ ಈ ನಾಲ್ಕು ಕೋಟೆಗಳು 1986ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿವೆ. ಸವೋಯ್ ಸೀಮೆಯಿಂದ ಬಂದ ಮೇಸ್ತ್ರಿ ಜೇಮ್ಸ್ ಆಫ್ ಸೇಂಟ್ ಜಾರ್ಜ್‌ನ ಕೈಚಳಕ ಅವು, ಖಂಡಿತ ನೋಡಲೇಬೇಕು. ಕಾನ್ವಿಯನ್ನು ನಾಲ್ಕೈದು ವರ್ಷಗಳಲ್ಲಿ, ಸುಮಾರು 15,000 ಪೌಂಡ್ ಸುರಿದು ಕಟ್ಟಿದರು; ಆ ಕಾಲಕ್ಕೆ ರಾಜ್ಯದ ಬೊಕ್ಕಸವೇ ನಡುಗುವಂಥ ಮೊತ್ತ. ಅದರ ಗೋಪುರದ ಮೇಲಿಂದ ಹೊಳೆಯಾಚೆ ನೋಡಿದರೆ ಎರಡು ಗುಬುಟುಗಳ ಗುಡ್ಡವೊಂದು ಕಾಣುತ್ತದೆ. ಅದು ಡೆಗಾನ್ವಿ. ಶತ್ರುವಿನ ಕೈಗೆ ಮತ್ತೆ ಸಿಗಬಾರದೆಂದು 1263ರಲ್ಲಿ ಲಿವೆಲಿನ್ ಕೆಡವಿಸಿದ ಕೋಟೆ ಅಲ್ಲಿತ್ತು. ಕಾನ್ವಿಗೆ ಹೋದವರು ಆ ಗುಡ್ಡವನ್ನೂ ಹತ್ತಿದರೆ, ಎಡ್ವರ್ಡ್ ತನ್ನ ಕೋಟೆಯನ್ನು ಆಚೆ ದಡದಲ್ಲಿ, ಹಡಗು ಬಂದು ನಿಲ್ಲುವ ನೀರಿನ ಅಂಚಿನಲ್ಲೇ ಯಾಕೆ ಕಟ್ಟಿದ ಎಂಬುದು ಒಂದು ನೋಟಕ್ಕೆ ತಿಳಿಯುತ್ತದೆ. ಗುಡ್ಡದ ಕೋಟೆಗೆ ದಿನಸಿ ಮುಟ್ಟಿಸುವುದು ಕಷ್ಟ. ಸಮುದ್ರ ಕೈಲಿದ್ದವನಿಗೆ ನೀರಿನಂಚಿನ ಕೋಟೆ ಹಸಿಯುವುದಿಲ್ಲ.

ಎಲ್ಲಕ್ಕಿಂತ ಮಿಗಿಲಾಗಿ ಒಂದು ಕಡೆ ಹೋಗಿ ಎಂದು ಒತ್ತಾಯಿಸಬೇಕಾದರೆ ಅದು ಕಾಸ್ಟೆಲ್ ಎ ಬೆರೆ. ಕಾಡೆರ್ ಇದ್ರಿಸ್ ಪರ್ವತದ ತಪ್ಪಲಲ್ಲಿ, ಡಿಸಿನಿ ಹೊಳೆಯ ಕಣಿವೆಯಲ್ಲಿ, ದೊಡ್ಡ ರಸ್ತೆಗಳಿಂದ ದೂರ ಉಳಿದ ಜಾಗ. ಉದ್ದನೆಯ ಬಂಡೆಯೊಂದರ ಬೆನ್ನನ್ನೇ ಹಿಡಿದು, ಅದು ಹೇಗೆ ಬಾಗಿದೆಯೋ ಹಾಗೇ ಗೋಡೆಯನ್ನೂ ಬಾಗಿಸಿ ಕಟ್ಟಿದ್ದಾರೆ. ಕಟ್ಟಿಸಿದವನು ಮತ್ತೆ ಆ ಮಹಾನ್ ಲಿವೆಲಿನ್, ಸುಮಾರು 1221ರಲ್ಲಿ. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ದುಂಡು ಇರುವ ಬುರುಜುಗಳು ವೆಲ್ಷ್ ಅರಸರ ಕೋಟೆಗಳ ಗುರುತು. ಇಲ್ಲಿ ಅವನ್ನು ಚೆನ್ನಾಗಿ ನೋಡಬಹುದು. ಬಾಗಿಲ ಹತ್ತಿರ ಕೆತ್ತನೆಯ ಕಲ್ಲುಗಳೂ ದೊರೆತಿವೆ. ಕಣಿವೆಯಲ್ಲಿ ಸ್ವಲ್ಪ ಕೆಳಗೆ ಪಕ್ಷಿಬಂಡೆ ಎಂದು ಹೆಸರಾದ ಕಡಿದಾದ ಗುಡ್ಡ. ಸಮುದ್ರದಿಂದ ಇಷ್ಟು ಒಳನಾಡಿನಲ್ಲಿ ನೀರುಕಾಗೆಗಳು ಗೂಡುಕಟ್ಟುವುದು ಅಲ್ಲಿ.

1282ರ ಡಿಸೆಂಬರ್ 11ರಂದು ಲಿವೆಲಿನ್ ನಡುವೇಲ್ಸ್‌ನ ಕಿಲ್ಮೆರಿ ಬಳಿ ಕೊಲೆಯಾದ. ಅವನ ತಲೆಯನ್ನು ಲಂಡನ್ನಿಗೆ ಒಯ್ದು ಜನರಿಗೆ ಕಾಣುವಂತೆ ಎತ್ತಿ ನಿಲ್ಲಿಸಿದರು. ಒಮ್ಮೆ ಅಣ್ಣನ ಕೊಲೆಗೆ ಸಂಚು ಹೂಡಿದ್ದ ದವಿದ್ ಈಗ ಅದೇ ಅಣ್ಣನ ಹೋರಾಟವನ್ನು ಹೆಗಲಿಗೇರಿಸಿಕೊಂಡ. ಜನವರಿಯ ಹಿಮದಲ್ಲಿ ಅವರ ಡೊಲ್ವಿದೆಲನ್ ಕೋಟೆ ಬಿತ್ತು. ಅಲ್ಲಿ ನೆಲೆಗೊಳಿಸಿದ ಇಂಗ್ಲಿಷ್ ಪಡೆಗೆ ಹಿಮದಲ್ಲಿ ಕಾಣದಂತೆ ಬಿಳಿ ಉಡುಪು ಕೊಟ್ಟ ದಾಖಲೆ ಉಳಿದಿದೆ. ಕೊನೆಯದಾಗಿ ಉಳಿದದ್ದು ಕಾಸ್ಟೆಲ್ ಎ ಬೆರೆ. 1283ರ ಏಪ್ರಿಲ್ 25ರಂದು ಅದೂ ಶರಣಾಯಿತು. ದವಿದ್ ಜೂನ್ ತಿಂಗಳಲ್ಲಿ ಸಿಕ್ಕಿಬಿದ್ದ. ಅಕ್ಟೋಬರಿನಲ್ಲಿ ಶ್ರೂಸ್‌ಬರಿಯಲ್ಲಿ ಅವನಿಗೆ ಕೊಟ್ಟ ಕ್ರೂರ ಮರಣದಂಡನೆಯ ವಿವರ ಇಲ್ಲಿ ಬೇಡ. ಕೋಟೆಯನ್ನು ಎಡ್ವರ್ಡ್ ಇನ್ನಷ್ಟು ಬಲಪಡಿಸಿ ಪಕ್ಕದಲ್ಲಿ ಊರು ಕಟ್ಟಲು ನೋಡಿದ. 1294ರ ವೆಲ್ಷ್ ದಂಗೆಯ ಮೇಲೆ ಯಾರೂ ಅದರ ಗೊಡವೆಗೆ ಹೋಗಲಿಲ್ಲ. ಸ್ವತಂತ್ರ ವೇಲ್ಸ್‌ನ ಕೊನೆಯ ಕೋಟೆಯ ಅಂಗಳದಲ್ಲಿ ಇಂದು ಓಡಾಡುವುದಕ್ಕೆ ಯಾರೂ ಹಣ ಕೇಳುವುದಿಲ್ಲ.

ಅಲ್ಲಿಂದ ಕಣಿವೆಯಲ್ಲಿ ಒಂದಿಷ್ಟು ಮೇಲೆ ನಡೆದರೆ ಲಾನ್‌ವಿಹಾಂಗೆಲ್ ಹಳ್ಳಿ. 1800ರಲ್ಲಿ ಹದಿನೈದರ ಹರೆಯದ ಬಡ ಹುಡುಗಿ ಮೇರಿ ಜೋನ್ಸ್, ಕೂಡಿಟ್ಟ ಕಾಸು ಹಿಡಿದು ತನ್ನ ಭಾಷೆಯ ಬೈಬಲ್ ಕೊಳ್ಳಲು ನಲವತ್ತು ಕಿಲೋಮೀಟರ್ ಬರಿಗಾಲಲ್ಲಿ ಬೆಟ್ಟ ದಾಟಿ ಬಾಲಾ ಊರಿಗೆ ನಡೆದದ್ದು ಇಲ್ಲಿಂದ. 1804ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಬೈಬಲ್ ಸೊಸೈಟಿಗೆ ಆ ನಡಿಗೆ ಪ್ರೇರಣೆಯಾಯಿತೆಂದು ಹೇಳುತ್ತಾರೆ. 19ನೇ ಶತಮಾನದಲ್ಲಿ ಅದೇ ಸೊಸೈಟಿ ಕನ್ನಡದಲ್ಲೂ ಬೈಬಲ್ ಅಚ್ಚುಹಾಕಿಸಿತು. ಧರ್ಮದ ಮಾತು ಬದಿಗಿರಲಿ, ತನ್ನ ನುಡಿಯ ಪುಸ್ತಕಕ್ಕಾಗಿ ಬೆಟ್ಟ ದಾಟಿದ ಹುಡುಗಿಯ ಊರು ಕನ್ನಡಿಗರಿಗೆ ಪರಕೀಯ ಅನ್ನಿಸಲಾರದು. 2021ರ ಜನಗಣತಿಯ ಪ್ರಕಾರ ವೇಲ್ಸ್‌ನಲ್ಲಿ ವೆಲ್ಷ್ ಬಲ್ಲವರು ಸುಮಾರು 5,38,000. ಈ ಕೋಟೆಗಳಿರುವ ಗ್ವಿನೆದ್ ಜಿಲ್ಲೆಯಲ್ಲಿ ಮೂವರಲ್ಲಿ ಇಬ್ಬರ ಆಸುಪಾಸು. ಅಂಗಡಿಯಲ್ಲಿ, ಬಸ್ಸಿನಲ್ಲಿ ಆ ನುಡಿ ಕಿವಿಗೆ ಬೀಳುತ್ತದೆ. ಕೋಟೆ ಹೋಗಿ ಏಳೂವರೆ ಶತಮಾನದ ಹತ್ತಿರ ಬಂದರೂ ಭಾಷೆ ಇದೆ ಎಂಬುದನ್ನು ಮಕ್ಕಳಿಗೆ ಅಲ್ಲೇ ತೋರಿಸಿ.

ಪಾಳು ಅಂದರೆ ಕಾಲವೇ ತಿಂದುಹಾಕಿದ್ದು ಎಂದುಕೊಳ್ಳುತ್ತೇವೆ. ಅದು ಬಹಳ ಸಲ ನಿಜವಲ್ಲ. ತೆಂಕಣ ವೇಲ್ಸ್‌ನ ಕಾರೆಗ್ ಕೆನೆನ್ ನೋಡಿ: ಕೆನೆನ್ ಹೊಳೆಯಿಂದ ಸುಮಾರು 90 ಮೀಟರ್ ಎತ್ತರಕ್ಕೆ ಎದ್ದ ಸುಣ್ಣಕಲ್ಲಿನ ಬಂಡೆಯ ನೆತ್ತಿಯಲ್ಲಿದೆ. ಇಂಗ್ಲೆಂಡಿನ ಸಿಂಹಾಸನಕ್ಕಾಗಿ ನಡೆದ ಗುಲಾಬಿ ಯುದ್ಧಗಳ ಕಾಲದಲ್ಲಿ, 1462ರಲ್ಲಿ, ಅದನ್ನು ವಶಪಡಿಸಿಕೊಂಡ ಯಾರ್ಕ್ ಪಕ್ಷದವರು 500 ಜನರನ್ನು ಹಾರೆ, ಗುದ್ದಲಿ ಹಿಡಿಸಿ ನಿಲ್ಲಿಸಿ ಕೆಡವಿಸಿದರು. ಕೂಲಿ ಒಟ್ಟು ಸುಮಾರು 28 ಪೌಂಡ್. ಆ ಲೆಕ್ಕದ ಕಾಗದ ಉಳಿದಿದೆ, ಕೋಟೆಯ ಅರ್ಧ ಉಳಿದಿಲ್ಲ. 17ನೇ ಶತಮಾನದ ಅಂತರ್ಯುದ್ಧದ ನಂತರ ಮಾಂಟ್ಗೊಮರಿಯಂಥ ಕೋಟೆಗಳನ್ನು ಸರ್ಕಾರದ ಆಜ್ಞೆಯಂತೆಯೇ ಒಡೆದರು. ಕಾನ್ವಿಯ ಛಾವಣಿಯ ಸೀಸವನ್ನು 1665ರಲ್ಲಿ ಅದರ ಒಡೆಯನೇ ಕೀಳಿಸಿ ಮಾರಿದ. ಉಳಿದ ಕಡೆ ಊರವರು ಕಲ್ಲು ಹೊತ್ತು ಕೊಟ್ಟಿಗೆ, ಬೇಲಿಗೋಡೆ ಕಟ್ಟಿಕೊಂಡರು. ಹಾಗಾಗಿ ಕೋಟೆ ನೋಡಿ ಇಳಿಯುವಾಗ ಹೊಲದ ಗೋಡೆಗಳನ್ನೂ ಗಮನಿಸಿ. ಕೆತ್ತಿದ ಮೂಲೆಗಲ್ಲೊಂದು ಅಲ್ಲಿ ಕಂಡೀತು. ಕಾರೆಗ್ ಕೆನೆನ್‌ನಲ್ಲಿ ಗೋಡೆಯೊಳಗಿನ ಓಣಿ ಬಂಡೆಯಡಿಯ ಗುಹೆಗೆ ಇಳಿಯುತ್ತದೆ, ಟಾರ್ಚ್ ಮರೆಯಬೇಡಿ. ಅಲ್ಲಿ ಟಿಕೆಟ್ ಉಂಟು.

ಇನ್ನು ಡಿನಾಸ್ ಬ್ರಾನ್. ಲಾಂಗೊಲೆನ್ ಊರಿನ ಕಾಲುವೆ ಸೇತುವೆಯ ಬಳಿಯಿಂದ ಹತ್ತಲು ಶುರುಮಾಡಿದರೆ ಒಂದು ಗಂಟೆಯೊಳಗೆ ನೆತ್ತಿ. ಏರು ಮಾತ್ರ ಕಡಿದು. 1260ರ ದಶಕದಲ್ಲಿ ಕಟ್ಟಿದ ಈ ಕೋಟೆಯನ್ನು 1277ರಲ್ಲಿ, ವೈರಿ ಬರುವ ಮೊದಲೇ, ಒಳಗಿದ್ದವರೇ ಸುಟ್ಟುಬಿಟ್ಟರು. ಸುಟ್ಟ ಕೋಟೆಯನ್ನು ನೋಡಿದ ಲಿಂಕನ್ನಿನ ಅರ್ಲ್, ಇಂಥ ಗಟ್ಟಿ ಕೋಟೆ ಇಡೀ ವೇಲ್ಸ್‌ನಲ್ಲಿಲ್ಲ, ದುರಸ್ತಿ ಮಾಡಿಸಬೇಕು ಎಂದು ದೊರೆಗೆ ಬರೆದ. ಆದರೆ 1282ರ ಮೇಲೆ ಆ ಸೀಮೆಯನ್ನು ಪಡೆದವನು ಗುಡ್ಡ ಹತ್ತುವ ಗೋಜೇ ಬೇಡವೆಂದು ನದೀತೀರದ ಹೋಲ್ಟ್‌ನಲ್ಲಿ ಹೊಸದನ್ನು ಕಟ್ಟಿದ. ಇಪ್ಪತ್ತು ವರ್ಷವೂ ಬಾಳದ ಕೋಟೆ ಇದು. ಸುತ್ತಲಿನ ಮಣ್ಣಿನ ಏರಿಗಳು ಮಾತ್ರ ಕಬ್ಬಿಣಯುಗದವು, ಕೋಟೆಗಿಂತ ಸಾವಿರದ ಐನೂರು ವರ್ಷಕ್ಕೂ ಹಳೆಯವು.

ನಕ್ಷೆಯ ಬಗ್ಗೆ ಒಂದು ಮಾತು. ಫೋನಿನ ನಕ್ಷೆ ದಾರಿ ತೋರಿಸುತ್ತದೆ, ನೆಲ ತೋರಿಸುವುದಿಲ್ಲ. ಆರ್ಡ್‌ನೆನ್ಸ್ ಸರ್ವೆಯ ಕಿತ್ತಳೆ ರಟ್ಟಿನ ಎಕ್ಸ್‌ಪ್ಲೋರರ್ ನಕ್ಷೆಯಲ್ಲಿ ಒಂದು ಕಿಲೋಮೀಟರ್ ನೆಲ ನಾಲ್ಕು ಸೆಂಟಿಮೀಟರ್ ಆಗಿ ಬರುತ್ತದೆ. ಹೊಲದ ಬೇಲಿಯೂ ಕಾಣುತ್ತದೆ. ಹಸಿರು ತುಂಡುಗೆರೆಗಳು ಯಾರ ಹೊಲದ ಮೂಲಕ ಹೋದರೂ ಸಾರ್ವಜನಿಕರಿಗೆ ಹಕ್ಕಿರುವ ಕಾಲುದಾರಿಗಳು. ರೋಮನ್ನರದಲ್ಲದ ಪುರಾತನ ತಾಣಗಳ ಹೆಸರನ್ನು ಅದರಲ್ಲಿ ಗಾಥಿಕ್ ಅಕ್ಷರಗಳಲ್ಲಿ ಅಚ್ಚುಹಾಕಿರುತ್ತಾರೆ. ನಿಮ್ಮ ಬಳಗ ಮುಂದಿನ ಚಾರಣಕ್ಕೆ ದಾರಿ ಗೊತ್ತುಮಾಡುವಾಗ ಆ ಅಕ್ಷರಗಳನ್ನು ಹುಡುಕಿ. ಹತ್ತು ಕಿಲೋಮೀಟರಿನ ಸುತ್ತುದಾರಿಯಲ್ಲಿ ಒಂದಾದರೂ ಸಿಗದೇ ಹೋಗುವುದು ವೇಲ್ಸ್‌ನ ಗಡಿನಾಡಿನಲ್ಲಿ ಕಡಿಮೆ. 1971ರಲ್ಲಿ ತೆರೆದ, 285 ಕಿಲೋಮೀಟರ್ ಉದ್ದದ ಆಫಾಸ್ ಡೈಕ್ ದಾರಿಯ ಯಾವ ತುಂಡನ್ನು ನಡೆದರೂ ಇದು ಅನುಭವಕ್ಕೆ ಬರುತ್ತದೆ.

ಪಾಳುಗೋಡೆ ಗಟ್ಟಿಯಾಗಿ ಕಾಣುತ್ತದೆ, ಗಟ್ಟಿಯಿಲ್ಲ. ಈ ಮಾತನ್ನು ಕನ್ನಡಿಗರಿಗೆ ಒತ್ತಿ ಹೇಳಬೇಕು, ಯಾಕೆಂದರೆ ನಾವು ಬೆಳೆದದ್ದು ಬೇರೆ ಬಗೆಯ ಕೋಟೆಗಳನ್ನು ನೋಡಿ. ಚಿತ್ರದುರ್ಗದಲ್ಲಿ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ ದೊಡ್ಡ ದೊಡ್ಡ ಗ್ರಾನೈಟ್ ದಿಂಡುಗಳು. ಮಳೆ ನೀರು ಸಂದಿನಿಂದ ಇಳಿದು ಹೋಗುತ್ತದೆ. ವೇಲ್ಸ್‌ನ ಗೋಡೆ ಹೋಳಿಗೆಯ ಹಾಗೆ: ಹೊರಗೆ ತೆಳ್ಳಗಿನ ಕಲ್ಲಿನ ಕಣಕ, ಒಳಗೆ ಸಣ್ಣಕಲ್ಲು ಸುಣ್ಣದ ಗಾರೆಯ ಹೂರಣ. ಮೇಲಿನ ಹೊದಿಕೆ ಹೋದರೆ ಮಳೆ ಒಳಗಿಳಿಯುತ್ತದೆ, ಚಳಿಗಾಲದಲ್ಲಿ ಅದೇ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ, ಒಳಗಿನಿಂದಲೇ ಗೋಡೆ ಬಿರಿಯುತ್ತದೆ. ಹಿಂದೆ ಸಿಮೆಂಟ್ ಮೆತ್ತಿ ರಿಪೇರಿ ಮಾಡಿದ ಕಡೆಗಳಲ್ಲಿ ನೀರು ಹೊರಬರಲಾಗದೆ ಹಾನಿ ಹೆಚ್ಚಾಯಿತು. ಈಗ ಮತ್ತೆ ಸುಣ್ಣದ ಗಾರೆಗೇ ಮರಳಿದ್ದಾರೆ. ಗೋಡೆಯ ನೆತ್ತಿಗೆ ಹುಲ್ಲಿನ ಹೊದಿಕೆ ಹಾಕಿ ಕಾಪಾಡುವ ಪದ್ಧತಿಯೂ ಬ್ರಿಟನ್ನಿನಲ್ಲಿ ಇದೆ. ಫೋಟೋಗೆಂದು ಒಬ್ಬರು ಗೋಡೆ ಹತ್ತಿದರೆ ಕಿತ್ತುಬರುವುದು ಆ ಹೊದಿಕೆ. ಮಕ್ಕಳು ಹತ್ತಿದರೆ ದೊಡ್ಡವರು ಇಳಿಸಬೇಕು, ದೊಡ್ಡವರೇ ಹತ್ತಿದರೆ ಗುಂಪಿನ ಮುಂದಾಳು ಹೇಳಬೇಕು.

ನಮ್ಮ ಕೋಟೆಗಳ ಕಲ್ಲುಗಳ ಮೇಲೆ ಹೆಸರು ಕೊರೆದವರು, ಬಣ್ಣ ಬಳಿದವರು ಯಾರು ಎಂದು ನಮಗೆ ಗೊತ್ತಿದೆ, ಆ ಬಗ್ಗೆ ನೋವೂ ಇದೆ. ಅದು ಇಲ್ಲಿ ಆಗದಿರಲಿ. ಈ ತಾಣಗಳಲ್ಲಿ ಹೆಚ್ಚಿನವು ವೇಲ್ಸ್ ಸರ್ಕಾರದ ಪರಂಪರೆ ಇಲಾಖೆ ಕ್ಯಾಡು ನೋಡಿಕೊಳ್ಳುವಂಥವು, ಕಾನೂನಿನ ರಕ್ಷಣೆ ಇರುವಂಥವು. ಒಂದು ಚೂರು ಕಲ್ಲನ್ನೂ ನೆನಪಿಗೆಂದು ಜೇಬಿಗೆ ಹಾಕಬೇಡಿ. ಡ್ರೋನ್ ಹಾರಿಸಬೇಕಾದರೆ ಮೊದಲು ಅನುಮತಿ ಕೇಳಿ. ದಾರಿಯಲ್ಲಿ ಸಿಗುವ ಗೇಟು ತೆರೆದಿದ್ದರೆ ತೆರೆದೇ, ಮುಚ್ಚಿದ್ದರೆ ಮುಚ್ಚಿಯೇ ಬಿಡಿ. ಅದರ ಹಿಂದೆ ಒಬ್ಬ ರೈತನ ಲೆಕ್ಕಾಚಾರ ಇರುತ್ತದೆ. ವಸಂತದಲ್ಲಿ ಕುರಿ ಮರಿಹಾಕುವ ಕಾಲ, ಆಗ ನಾಯಿಗೆ ಹಗ್ಗ ಬೇಕೇ ಬೇಕು.

ಬೇಸಿಗೆಯಲ್ಲಿ ಊರಿನಿಂದ ಬರುವ ಅಪ್ಪ ಅಮ್ಮ, ಅತ್ತೆ ಮಾವಂದಿರನ್ನು ಮನೆಯಲ್ಲೇ ಬಿಟ್ಟು ಹೋಗಬೇಡಿ. ಡೊಲ್ಬಾಡರ್ನ್‌ನ ದಿಬ್ಬವನ್ನು ನಿಧಾನವಾಗಿ ಹತ್ತಬಹುದು. ಮೆಟ್ಟಿಲು ಆಗದವರು ಕೆಳಗೆ ಸರೋವರದ ದಂಡೆಯಲ್ಲಿ ಕೂತರೂ ಗೋಪುರ ಕಾಣುತ್ತದೆ. ಡಿನಾಸ್ ಬ್ರಾನ್ ಮಂಡಿನೋವಿನವರಿಗಲ್ಲ. ಅವರಿಗೆ ಲಾಂಗೊಲೆನ್‌ನ ಕಾಲುವೆ ದಂಡೆಯ ಸಪಾಟು ದಾರಿ ಇದೆ. ಸೀರೆಯ ಮೇಲೆ ಜಾಕೆಟ್ ಹಾಕಿ, ಸ್ಪೋರ್ಟ್ಸ್ ಶೂ ತೊಟ್ಟು ಕೋಟೆ ಹತ್ತುವ ಅಮ್ಮಂದಿರು ಎಷ್ಟೋ ಸಲ ಮಕ್ಕಳಿಗಿಂತ ಚೆನ್ನಾಗಿ ಪ್ರಶ್ನೆ ಕೇಳುತ್ತಾರೆ: ಇಲ್ಲಿ ನೀರು ಎಲ್ಲಿಂದ ತರುತ್ತಿದ್ದರು? ಅಡುಗೆಮನೆ ಯಾವುದು? ಡೊಲ್ವೊರ್ವಿನ್ ಬಿದ್ದದ್ದು ನೀರಿಲ್ಲದೆ ಎಂಬುದು ನೆನಪಿದ್ದರೆ, ಕೋಟೆಯ ಬಗ್ಗೆ ಕೇಳಬಹುದಾದ ಅತಿ ಮುಖ್ಯ ಪ್ರಶ್ನೆ ಅದೇ ಎಂದು ಒಪ್ಪುತ್ತೀರಿ. ಬುತ್ತಿಗೆ ಪುಳಿಯೋಗರೆ ಇರಲಿ, ಎಲೆ ತಟ್ಟೆಗಳು ಚೀಲದಲ್ಲೇ ವಾಪಸು ಬರಲಿ. ಹಳ್ಳಿಯ ಅಂಗಡಿಯಲ್ಲಿ ಏನಾದರೂ ಕೊಂಡುಕೊಳ್ಳಿ; ಇಂಥ ಕಣಿವೆಗಳಲ್ಲಿ ಅಂಗಡಿ, ಬಸ್ಸು ಉಳಿಯುವುದು ಅದರಿಂದ.

ಕೊನೆಗೆ ಒಂದು ಕೆಲಸ. ಬ್ರಿಟನ್ನಿನ ಪಾಳುಕೋಟೆಗಳ ಬಗ್ಗೆ ಇಂಗ್ಲಿಷಿನಲ್ಲಿ, ವೆಲ್ಷ್‌ನಲ್ಲಿ ಕೈಪಿಡಿಗಳು ಬೇಕಾದಷ್ಟಿವೆ. ಕನ್ನಡದಲ್ಲಿ ಕೈಗೆ ಸಿಗುವುದು ಬಹಳ ಕಡಿಮೆ. ನಿಮ್ಮ ಬಳಗ ಪ್ರತಿ ಚಾರಣದ ಮೇಲೆ ಒಂದು ಪುಟ ಬರೆಯಲಿ: ರೈಲು ನಿಲ್ದಾಣದಿಂದ ಎಷ್ಟು ದೂರ, ಏರು ಎಷ್ಟು, ಮಳೆಯಲ್ಲಿ ಎಲ್ಲಿ ಕೆಸರು, ಶೌಚಾಲಯ ಎಲ್ಲಿ, ಕೋಟೆ ಕಟ್ಟಿದ್ದು ಯಾರು, ಕೆಡವಿದ್ದು ಯಾರು. ಮೊದಲ ಪುಟ ವೆಲ್ಷ್‌ಪೂಲ್, ನ್ಯೂಟೌನ್ ಊರುಗಳದ್ದಾಗಲಿ. ಎರಡಕ್ಕೂ ಶ್ರೂಸ್‌ಬರಿ ಕಡೆಯಿಂದ ರೈಲಿದೆ, ನಡುವೆ ಮಾಂಟ್ಗೊಮರಿ ಕಾಲುವೆಯ ದಂಡೆಯಲ್ಲಿ ಕಾಲುದಾರಿ ಇದೆ. ಶನಿವಾರ ಪೊವಿಸ್, ಭಾನುವಾರ ಡೊಲ್ವೊರ್ವಿನ್. ಹೊರಡುವ ಮೊದಲು ತೆರೆದಿರುವ ಸಮಯ ಮತ್ತು ಹವಾಮಾನ ವಿಚಾರಿಸಿಕೊಳ್ಳಿ, ಬಂದ ಮೇಲೆ ಬರೆದ ಪುಟವನ್ನು ಉಳಿದ ಊರುಗಳ ಬಳಗಗಳಿಗೂ ಕಳಿಸಿ.

ಇಂತಿ ವಿಶ್ವಾಸದಿಂದ,
ನಿಮ್ಮಂತೆಯೇ ಗುಡ್ಡ ಹತ್ತುವ ಒಬ್ಬ ಕನ್ನಡಿಗ